ಬೇಗೂರಿನ ಕಲ್ಲುಗಳು ಮತ್ತು ಹುಡುಗರ ಕಾಮಿಕ್ಸ್

ನಮ್ಮ ಬಂಧುಗಳ ಹುಡುಗನೊಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾನೆ. ವಾಸ ಬೇಗೂರಿನ ಬಾಡಿಗೆ ಮನೆಯಲ್ಲಿ. ಒಂದು ಭಾನುವಾರ ಅಲ್ಲಿಗೆ ಹೋದಾಗ ಮಂಚದ ಮೇಲೆ ಅಮೆರಿಕದ ಕಾಮಿಕ್ಸ್ ಪುಸ್ತಕಗಳ ರಾಶಿ ಬಿದ್ದಿತ್ತು. ಒಂದನ್ನು ಎತ್ತಿಕೊಂಡು ಓದಿದೆವು, ತಲೆಬುಡ ತಿಳಿಯಲಿಲ್ಲ. ಯಾರೋ ಸತ್ತಿದ್ದಾನೆ, ಎಲ್ಲರೂ ಅಳುತ್ತಿದ್ದಾರೆ. ಹೇಗೆ ಸತ್ತ ಎಂಬುದು ಮಾತ್ರ ಅದರಲ್ಲಿಲ್ಲ. ಹುಡುಗ ನಕ್ಕ. “ಇದೊಂದನ್ನೇ ಓದಿದರೆ ಹೇಗೆ? ಇದು ಕ್ರಾಸ್‌ಓವರ್. ಉಳಿದ ಕತೆ ಬೇರೆ ಪುಸ್ತಕಗಳಲ್ಲಿದೆ” ಎಂದ.

ಕ್ರಾಸ್‌ಓವರ್ ಎಂದರೆ ಬೇರೆ ಬೇರೆ ಪುಸ್ತಕಗಳ ವೀರರು ಒಂದೇ ಯುದ್ಧದಲ್ಲಿ ಸೇರುವ ಕತೆ. 1985-86ರಲ್ಲಿ ಡಿಸಿ ಸಂಸ್ಥೆ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಎಂಬ ಕತೆಯನ್ನು 12 ಸಂಚಿಕೆಗಳಲ್ಲಿ ತಂದಿತು. ಅದರ ಎಳೆಗಳು ಸಂಸ್ಥೆಯ ಇತರ ಪುಸ್ತಕಗಳಿಗೂ ಹರಿದವು. 8ನೇ ಸಂಚಿಕೆಯಲ್ಲಿ ಫ್ಲ್ಯಾಶ್ ಎಂಬ ವೀರ ಸಾಯುತ್ತಾನೆ. ಅವನ ಶಿಷ್ಯ ಮುಂದೆ ಅದೇ ಹೆಸರನ್ನೂ ವೇಷವನ್ನೂ ತೊಡುತ್ತಾನೆ. ಓದುವ ಕ್ರಮ ತಪ್ಪಿದರೆ ಸತ್ತವನು ಯಾರು, ಓಡುತ್ತಿರುವವನು ಯಾರು ಎಂದು ಗೊಂದಲವಾಗುತ್ತದೆ.

ಉರ್ದು ಕಲಿತ ನಮಗೆ ಇದು ತೀರಾ ಹೊಸದೇನಲ್ಲ. ಅಮೀರ್ ಹಮ್ಝಾರ ದಾಸ್ತಾನನ್ನು ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 46 ಸಂಪುಟಗಳಲ್ಲಿ ಅಚ್ಚು ಹಾಕಿತ್ತು. ಹಮ್ಝಾ ಒಂದು ಕಡೆ ಇದ್ದರೆ ಅವರ ಮಕ್ಕಳು, ಮೊಮ್ಮಕ್ಕಳು, ಅಯ್ಯಾರರು ಇನ್ನೊಂದು ಕಡೆ ಕಾದುತ್ತಿರುತ್ತಾರೆ. ಒಂದು ಸಂಪುಟ ಹಿಡಿದು ‘ದಾಸ್ತಾನ್ ಓದಿದೆ’ ಎನ್ನಲು ಬರುವುದಿಲ್ಲ.

ಅಂದು ಸಂಜೆ ಹುಡುಗನನ್ನು ಕರೆದುಕೊಂಡು ಅವನ ಮನೆಯ ಹತ್ತಿರವೇ ಇರುವ ನಾಗೇಶ್ವರ ಗುಡಿಯ ಕಡೆ ನಡೆದೆವು. ಅಲ್ಲಿಯ ಶಾಸನಗಳ ವಿಷಯ ಅವನಿಗೆ ಗೊತ್ತಿರಲಿಲ್ಲ. ಸುಮಾರು ಕ್ರಿ.ಶ. 890ರ ಒಂದು ಹಳಗನ್ನಡ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆ ಇದು. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಊರಿಗೆ ಆ ಹೆಸರು ಬಂತೆಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಆ ಅರಸ ಹುಟ್ಟುವುದಕ್ಕೂ ಎರಡೂವರೆ ಶತಮಾನ ಮೊದಲೇ ಹೆಸರು ಕಲ್ಲಿನ ಮೇಲಿತ್ತು. ನಾವು ನಂಬಿದ್ದು ಒಂದೇ ಪುಸ್ತಕ ಓದಿದವರ ಕತೆ.

ಈ ಶಾಸನದಲ್ಲಿ ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣಪತಿಯ ಹೆಸರಿದೆ, ಅವನ ಮನೆಯ ಸೇವಕ ಪೆರ್ವೋಣಸೆಟ್ಟಿಯ ಸಾವಿದೆ. ಆದರೆ ನಾಗತ್ತರ ಏನಾದ? ಅದಕ್ಕೆ ಇನ್ನೊಂದು ಕಲ್ಲನ್ನು ಓದಬೇಕು. ಬೇಗೂರಿನಿಂದ ಸಾಗಿಸಿದ ಆ ದೊಡ್ಡ ವೀರಗಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದ್ದು. ಗಂಗ ಅರಸ ಎರೆಯಪ್ಪನು ವೀರಮಹೇಂದ್ರನ ವಿರುದ್ಧ ಅಯ್ಯಪದೇವನಿಗೆ ನೆರವಾಗಲು ನಾಗತ್ತರನನ್ನು ಕಳುಹಿಸಿದ. ತುಂಬೆಪಾಡಿಯ ಕಾಳಗದಲ್ಲಿ ಆನೆಗಳನ್ನು ಎದುರಿಸಿ ಅವನು ಸತ್ತ. ಸುದ್ದಿ ಕೇಳಿ ಮೆಚ್ಚಿದ ಅರಸ ಇರುಗ ಎಂಬವನಿಗೆ ‘ನಾಗತ್ತರ’ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ದತ್ತಿ ಕೊಟ್ಟ. ಬೆಂಪೂರು ಎಂದರೆ ಬೇಗೂರು. ಇದನ್ನು ಕೇಳಿದ ಹುಡುಗ, “ಅಂದರೆ ಹೆಸರು ಸಾಯಲಿಲ್ಲ, ಮನುಷ್ಯ ಸತ್ತ. ಫ್ಲ್ಯಾಶ್‌ನ ಹಾಗೆಯೇ” ಎಂದ.

ವೀರಗಲ್ಲನ್ನು ಓದಲೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಕಾಮಿಕ್ಸಿನ ಹಾಗೆ ಮೇಲಿನಿಂದ ಓದಿದರೆ ವೀರ ಸ್ವರ್ಗದಿಂದ ಇಳಿದು ಬಂದು ಸಾಯುತ್ತಾನೆ! ಬೇಗೂರಿನ ದೊಡ್ಡ ಕಲ್ಲಿನಲ್ಲಿ ಮಾತ್ರ ಯುದ್ಧದ ದೃಶ್ಯವೇ ತುಂಬಿಕೊಂಡಿದೆ.

ಯುದ್ಧದ ಚಿತ್ರ ನೋಡಿ ಹಿಂದಿರುಗುವುದು ಸುಲಭ. ಹುಡುಗರೂ ಹಾಗೆಯೇ, ಮುಖ್ಯ ಯುದ್ಧದ ಸಂಚಿಕೆ ಕೊಂಡು, ಪಕ್ಕದ ಕತೆಯ ತೆಳು ಪುಸ್ತಕವನ್ನು ಅಂಗಡಿಯಲ್ಲೇ ಬಿಡುತ್ತಾರೆ. ಬೇಗೂರಿನಲ್ಲಿ ಅಂಥ ಮೂರನೆಯ ಶಾಸನವೊಂದಿದೆ. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂದು ಅದು ಹೇಳುತ್ತದೆ. ಅಲ್ಲಿ ಆನೆಯಿಲ್ಲ, ಕತ್ತಿಯಿಲ್ಲ, ಮೆಚ್ಚಿ ಊರು ಕೊಡುವ ಅರಸನಿಲ್ಲ. ಮೂರನ್ನೂ ಜೋಡಿಸಿದಾಗಲೇ ಇದು ಒಬ್ಬ ವೀರನ ಕತೆಯಾಗಿ ಉಳಿಯದೆ ಒಂದು ಮನೆಯ ಕತೆಯಾಗುತ್ತದೆ. ತಂದೆ, ಮಗ, ಮಗಳು, ಆಳು ಎಲ್ಲರೂ ಬಂದು ನಿಲ್ಲುತ್ತಾರೆ. ವೀರಮಹೇಂದ್ರನ ಕಡೆ ಸತ್ತವರ ಮನೆಗಳ ಬಗ್ಗೆ ಮಾತ್ರ ಈ ಕಲ್ಲುಗಳು ಬಾಯಿ ಬಿಡುವುದಿಲ್ಲ. ಅವರ ಹೆಂಡಿರು ಮಕ್ಕಳೂ ಯಾವುದೋ ಊರಲ್ಲಿ ದಾರಿ ಕಾಯುತ್ತಿದ್ದರೆಂಬುದನ್ನು ನಾವೇ ನೆನಪಿಟ್ಟು ಓದಬೇಕು.

ಇಂದು ಚರಿತ್ರೆಯ ಹೆಸರಿನಲ್ಲಿ ಒಂದೊಂದು ಹಾಳೆ ಹಿಡಿದು ಬೀದಿಗೆ ಬರುವವರು ಬಹಳ. ಒಬ್ಬರ ಹಾಳೆಯಲ್ಲಿ ವೀರನಾದವನು ಇನ್ನೊಬ್ಬರ ಹಾಳೆಯಲ್ಲಿ ದುಷ್ಟ. ಮುಂದಿನ ಹಾಳೆ ಎಲ್ಲಿ ಎಂದು ಕೇಳುವವರು ಕಡಿಮೆ. ಆ ಹುಡುಗನಂಥವರಿಗೆ ಕಾಮಿಕ್ಸ್ ಈ ಪ್ರಶ್ನೆ ಕೇಳುವುದನ್ನಾದರೂ ಕಲಿಸಿದೆ.

ಕತ್ತಲಾಗುವ ಮೊದಲು ಗುಡಿಯಿಂದ ಹೊರಟೆವು. ಹೊಸೂರು ರಸ್ತೆಯ ಕಡೆ ವಾಹನಗಳು ಸಾಲುಗಟ್ಟಿದ್ದವು. ಒಂದೂಕಾಲು ಕೋಟಿಗೂ ಮೀರಿದ ಜನರ ಈ ಮಹಾನಗರದ ಹೆಸರು ನಮಗೆ ಮೊದಲು ದೊರೆತದ್ದು ಯಾವ ಅರಸನ ಬಿರುದಿನಲ್ಲೂ ಅಲ್ಲ, ಮನೆಯಾಳೊಬ್ಬನ ಸಾವಿನ ಸುದ್ದಿಯಲ್ಲಿ. “ಅವನ ಹೆಸರೇನಂದಿರಿ?” ಎಂದು ಹುಡುಗ ದಾರಿಯಲ್ಲಿ ಮತ್ತೆ ಕೇಳಿದ. ಪೆರ್ವೋಣಸೆಟ್ಟಿ ಎಂದೆವು.