ಓಮ್ ಹೆಚ್ಚಿದ್ದರೆ ದೊಡ್ಡ ಆಂಪ್ಲಿಫೈಯರ್ ಬೇಕೇ? ದುಬಾರಿ ಹೆಡ್‌ಫೋನ್‌ಗೆ ಸರಿಯಾದ ಜೋಡಿ ಹುಡುಕುವುದು ಹೀಗೆ

"ಓಮ್ ಜಾಸ್ತಿ ಇರೋ ಹೆಡ್‌ಫೋನೇ ಒಳ್ಳೇದು. ಆದ್ರೆ ಆಂಪ್ಲಿಫೈಯರ್ ಇಲ್ದೆ ಮೊಬೈಲಿಗೆ ಹಾಕಿದ್ರೆ ಹಾಳಾಗುತ್ತೆ. ಆಂಪ್ ತಗೊಳ್ಳೋವಾಗ ವ್ಯಾಟ್ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೇದು."

ಈ ಧಾಟಿಯ ಸಲಹೆ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವಾಗ ಕಿವಿಗೂ ಬಿದ್ದಿರಬಹುದು. ಇದರಲ್ಲಿ ಮೂರು ಮಾತುಗಳಿವೆ. ಮೂರೂ ತಪ್ಪು. ಮೊದಲೆರಡನ್ನು ನಂಬಿದರೆ ದುಡ್ಡು ಹೋಗುತ್ತದೆ, ಮೂರನೆಯದನ್ನು ನಂಬಿದರೆ ಕಿವಿಯೂ ಹೋಗಬಹುದು.

ಒಂದೇ ಮಾತಿನಲ್ಲಿ ಉತ್ತರ ಬೇಕಿದ್ದರೆ: ಬರೀ ಓಮ್ ನೋಡಿ ಆಂಪ್ಲಿಫೈಯರ್ ಆರಿಸಬೇಡಿ. ಓಮ್ ಜೊತೆಗೆ ಹೆಡ್‌ಫೋನಿನ ಸೆನ್ಸಿಟಿವಿಟಿಯನ್ನೂ ನೋಡಿ. ಅನೇಕರಿಗೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುವುದೇ ಇಲ್ಲ. ಯಾಕೆ ಅಂತ ನೋಡೋಣ.

ಮೂಟೆ ದೊಡ್ಡದು, ಭಾರ ಎಷ್ಟು?

ಎಸ್.ಪಿ. ರಸ್ತೆಯಿಂದ ಕೆ.ಆರ್. ಮಾರ್ಕೆಟ್ ದಾಟಿ ಬಂದರೆ ತರಗುಪೇಟೆ ಸಿಗುತ್ತದೆ. ಬೇಳೆ, ಅಕ್ಕಿ, ದಿನಸಿಯ ಹಳೇ ಸಗಟು ಪೇಟೆ. ಅಲ್ಲಿ ಮೂಟೆ ಹೊರುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕಡ್ಲೆಪುರಿ ಮೂಟೆ ಆಳೆತ್ತರ ಇದ್ದರೂ ಒಬ್ಬನೇ ಸಲೀಸಾಗಿ ಎತ್ತಿಕೊಂಡು ಹೋಗಬಹುದು. ಅದರ ಅರ್ಧ ಗಾತ್ರದ ಅಕ್ಕಿ ಮೂಟೆಗೆ ಬೆನ್ನು ಬಾಗುತ್ತದೆ. ಗಾತ್ರ ನೋಡಿ ಭಾರ ಹೇಳುವ ತಪ್ಪನ್ನು ಅಲ್ಲಿ ಯಾರೂ ಮಾಡುವುದಿಲ್ಲ. ಹೆಡ್‌ಫೋನ್ ಕೊಳ್ಳುವಾಗ ನಾವು ಮಾಡುವುದು ಅದೇ ತಪ್ಪು. ಓಮ್ ಎಂಬುದು ಮೂಟೆಯ ಗಾತ್ರ ಇದ್ದ ಹಾಗೆ. ಭಾರ ಎಷ್ಟು ಎಂದು ಅದೊಂದೇ ಹೇಳಲಾರದು.

ಓಮ್‌ನಲ್ಲಿ ಅಳೆಯುವುದು ಇಂಪಿಡೆನ್ಸ್ ಅನ್ನು, ಅಂದರೆ ವಿದ್ಯುತ್ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆಯನ್ನು. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಅದು ವೋಲ್ಟೇಜ್. ಪೈಪಿನಲ್ಲಿ ಹರಿಯುವ ನೀರು ಕರೆಂಟ್. ಪೈಪು ಸಣ್ಣದಾದಷ್ಟೂ ತಡೆ ಹೆಚ್ಚು, ಅದೇ ಓಮ್. ಓಮ್ ಹೆಚ್ಚಿರುವ ಹೆಡ್‌ಫೋನ್ ಎತ್ತರದ ಟ್ಯಾಂಕ್ ಕೇಳುತ್ತದೆ, ಆದರೆ ಕುಡಿಯುವ ನೀರು ಕಡಿಮೆ. ಓಮ್ ಕಡಿಮೆ ಇರುವುದಕ್ಕೆ ಎತ್ತರ ಅಷ್ಟು ಬೇಡ, ನೀರು ಮಾತ್ರ ಜಾಸ್ತಿ ಬೇಕು.

ಭಾರ ಹೇಳುವ ಇನ್ನೊಂದು ಅಂಕಿ ಸೆನ್ಸಿಟಿವಿಟಿ. 1 ಮಿಲಿವ್ಯಾಟ್ ಅಥವಾ 1 ವೋಲ್ಟ್ ಕೊಟ್ಟಾಗ ಹೆಡ್‌ಫೋನ್ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬ ಲೆಕ್ಕ ಇದು. ಬಾಕ್ಸ್ ಮೇಲೋ ಕಂಪನಿಯ ವೆಬ್‌ಸೈಟಿನಲ್ಲೋ ಇರುತ್ತದೆ, ನಾವು ಓದುವುದಿಲ್ಲ ಅಷ್ಟೆ. ಓದುವಾಗ ಒಂದು ಎಚ್ಚರ ಬೇಕು. ಕೆಲವು ಕಂಪನಿಗಳು ಮಿಲಿವ್ಯಾಟ್ ಲೆಕ್ಕ ಕೊಡುತ್ತವೆ, ಕೆಲವು ವೋಲ್ಟ್ ಲೆಕ್ಕ ಕೊಡುತ್ತವೆ. ಎರಡನ್ನೂ ನೇರವಾಗಿ ಹೋಲಿಸುವುದು ಸೇರನ್ನು ಕಿಲೋಗೆ ಹೋಲಿಸಿದ ಹಾಗೆ. 300 ಓಮ್‌ನ ಒಂದೇ ಹೆಡ್‌ಫೋನ್ ವೋಲ್ಟ್ ಲೆಕ್ಕದಲ್ಲಿ 103 ಡೆಸಿಬೆಲ್ ಆದರೆ, ಮಿಲಿವ್ಯಾಟ್ ಲೆಕ್ಕದಲ್ಲಿ ಸುಮಾರು 98 ಆಗುತ್ತದೆ.

ಮೂರು ಹೆಡ್‌ಫೋನ್, ಒಂದೇ ಲೆಕ್ಕ

ಸಂಗೀತಪ್ರಿಯರಿಗೆ ಪರಿಚಯವಿರುವ ಮೂರು ಹೆಡ್‌ಫೋನ್‌ಗಳನ್ನು ತೆಗೆದುಕೊಳ್ಳೋಣ. ಸಂಗೀತದ ಅತಿ ಜೋರಾದ ಕ್ಷಣದಲ್ಲಿ 110 ಡೆಸಿಬೆಲ್ ಮುಟ್ಟಬೇಕು ಅಂದುಕೊಳ್ಳೋಣ. ಮಾಮೂಲಿ ಕೇಳುವಿಕೆಗೆ ಇಷ್ಟು ಬೇಡವೇ ಬೇಡ, ಹೋಲಿಕೆಗಾಗಿ ಮಾತ್ರ ಈ ಗುರಿ. ಕಂಪನಿಗಳೇ ಕೊಟ್ಟ ಅಂಕಿಗಳಿಂದ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

• ಸೆನ್‌ಹೈಸರ್ ಎಚ್‌ಡಿ 650 – 300 ಓಮ್. ಬೇಕಾಗುವುದು ಸುಮಾರು 2.2 ವೋಲ್ಟ್, 7.5 ಮಿಲಿಆಂಪಿಯರ್. ಒಟ್ಟು ಶಕ್ತಿ ಸುಮಾರು 17 ಮಿಲಿವ್ಯಾಟ್.

• ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ – 250 ಓಮ್. ಬೇಕಾಗುವುದು ಸುಮಾರು 2.5 ವೋಲ್ಟ್, 10 ಮಿಲಿಆಂಪಿಯರ್. ಒಟ್ಟು ಸುಮಾರು 25 ಮಿಲಿವ್ಯಾಟ್.

• ಹೈಫೈಮ್ಯಾನ್ ಎಚ್‌ಇ-6 – 50 ಓಮ್ ಮಾತ್ರ. ಬೇಕಾಗುವುದು ಸುಮಾರು 4.7 ವೋಲ್ಟ್, 95 ಮಿಲಿಆಂಪಿಯರ್. ಒಟ್ಟು ಸುಮಾರು 450 ಮಿಲಿವ್ಯಾಟ್.

ಮೂರನೆಯದನ್ನು ಇನ್ನೊಮ್ಮೆ ನೋಡಿ. ಓಮ್ ಆರನೇ ಒಂದು ಭಾಗ, ಕೇಳುವ ಶಕ್ತಿ ಮಾತ್ರ ಎಚ್‌ಡಿ 650ಕ್ಕಿಂತ 26 ಪಟ್ಟು! ಅದರ ಸೆನ್ಸಿಟಿವಿಟಿ ಮಿಲಿವ್ಯಾಟಿಗೆ 83.5 ಡೆಸಿಬೆಲ್ ಅಷ್ಟೇ ಇರುವುದು ಇದಕ್ಕೆ ಕಾರಣ. 300 ಓಮ್‌ನದು ಕಡ್ಲೆಪುರಿ ಮೂಟೆ, 50 ಓಮ್‌ನದು ಅಕ್ಕಿ ಮೂಟೆ.

ಓಮ್ ಗುಣಮಟ್ಟದ ಗುರುತೂ ಅಲ್ಲ. ಬೇಯರ್‌ಡೈನಾಮಿಕ್ ಕಂಪನಿ ಡಿಟಿ 990 ಎಡಿಷನ್ ಎಂಬ ಒಂದೇ ಮಾದರಿಯನ್ನು 32, 250 ಮತ್ತು 600 ಓಮ್‌ಗಳಲ್ಲಿ ತಯಾರಿಸಿ ಮಾರಿದೆ. ಮೊಬೈಲ್ ಬಳಸುವವರಿಗೆ ಒಂದು, ಸ್ಟುಡಿಯೋದಂಥ ದೊಡ್ಡ ಉಪಕರಣ ಇರುವವರಿಗೆ ಇನ್ನೊಂದು. ಯಾವುದು ಮೇಲು, ಯಾವುದು ಕೀಳು ಎಂಬ ಲೆಕ್ಕ ಅಲ್ಲಿಲ್ಲ.

ಮೊಬೈಲಿಗೆ ಹಾಕಿದರೆ ಹಾಳಾಗುತ್ತದೆಯೇ?

ಇಲ್ಲ. ಶಕ್ತಿ ಸಾಲದಿದ್ದರೆ ಸದ್ದು ಸಣ್ಣದಾಗಿ ಬರುತ್ತದೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಜೋರಾದ ಕಡೆ ಒಡೆದ ಹಾಗೆ ಕೇಳಬಹುದು. ಮೊಬೈಲ್‌ನಂಥ ಸಣ್ಣ ಉಪಕರಣಕ್ಕೆ ದೊಡ್ಡ ಹೆಡ್‌ಫೋನನ್ನು ಕೆಡಿಸುವಷ್ಟು ತಾಕತ್ತು ಇರುವುದಿಲ್ಲ.

ಎಷ್ಟು ಜನಕ್ಕೆ ಅದೇ ಸಾಕಾಗುತ್ತದೆ ಎಂಬುದು ಆಶ್ಚರ್ಯದ ಸಂಗತಿ. ಮೊಬೈಲಿನ ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ಗಳಲ್ಲಿ ಹಲವು ಸುಮಾರು 1 ವೋಲ್ಟ್ ಕೊಡುತ್ತವೆ. ಅಷ್ಟರಲ್ಲಿ ಎಚ್‌ಡಿ 650 ಗರಿಷ್ಠ 103 ಡೆಸಿಬೆಲ್ ಮುಟ್ಟುತ್ತದೆ.

ಇದು ಸಾಕೇ? ರಾಮನವಮಿಯ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ ಕಛೇರಿಗಳನ್ನು ಕೇಳಿದ್ದರೆ ಈ ಪ್ರಶ್ನೆ ಸುಲಭವಾಗಿ ಅರ್ಥವಾಗುತ್ತದೆ. ಆಲಾಪನೆಯ ಹಿಂದೆ ತಂಬೂರಿ ಸಣ್ಣಗೆ ಮಿಡಿಯುತ್ತಿರುತ್ತದೆ. ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಕ್ಷಣಾರ್ಧದಲ್ಲಿ ಅದಕ್ಕಿಂತ ಎಷ್ಟೋ ಮೇಲೆ ಹೋಗಿ ಇಳಿಯುತ್ತದೆ. ಇಂಥ ಸಂಗೀತದ ಧ್ವನಿಮುದ್ರಣದಲ್ಲಿ ಸರಾಸರಿ ಮಟ್ಟಕ್ಕೂ ಶಿಖರಕ್ಕೂ 15–20 ಡೆಸಿಬೆಲ್ ಅಂತರ ಇರಬಹುದು. ನೀವು ಸರಾಸರಿ 75 ಡೆಸಿಬೆಲ್‌ನಲ್ಲಿ ಹಾಯಾಗಿ ಕೇಳುವವರಾದರೆ ಮೃದಂಗದ ಪೆಟ್ಟಿಗೆ 95 ಬೇಕು. 103 ಇರುವಲ್ಲಿ ಇದು ಆರಾಮವಾಗಿ ಹಿಡಿಯುತ್ತದೆ.

ಅದೇ ಡಾಂಗಲ್‌ಗೆ ಎಚ್‌ಇ-6 ಹಾಕಿದರೆ, 1 ವೋಲ್ಟ್‌ಗೆ ತಕ್ಕ ಕರೆಂಟ್ ಅದು ಕೊಟ್ಟರೂ ಗರಿಷ್ಠ ಸುಮಾರು 96 ಡೆಸಿಬೆಲ್. ಅಂಚಿನಲ್ಲಿ ನಿಂತ ಹಾಗಾಯಿತು. ರೆಕಾರ್ಡಿಂಗ್ ಮೆಲ್ಲಗಿದ್ದರೆ ಮುಂದೆ ಹೋಗಲು ಜಾಗವಿಲ್ಲ. ಇಲ್ಲಿ ಆಂಪ್ಲಿಫೈಯರ್ ನಿಜವಾಗಿಯೂ ಬೇಕು.

ಬ್ಲೂಟೂತ್ ಹೆಡ್‌ಫೋನ್ ಇದ್ದವರು ಈ ಚಿಂತೆಯನ್ನೇ ಬಿಡಿ. ಅವುಗಳ ಒಳಗೇ ಅಳತೆಗೆ ತಕ್ಕ ಆಂಪ್ಲಿಫೈಯರ್ ಕೂತಿರುತ್ತದೆ.

ವ್ಯಾಟ್ ಹೆಚ್ಚಾದಷ್ಟೂ ಒಳ್ಳೆಯದೇ?

ಸ್ಪೀಕರ್ ಡಬ್ಬಗಳ ಮೇಲೆ ದಪ್ಪಕ್ಷರದಲ್ಲಿ "ಪಿಎಂಪಿಒ" ಎಂದು ಸಾವಿರಾರು ವ್ಯಾಟ್ ಬರೆದಿದ್ದು ನೆನಪಿದೆಯೇ? ಆ ಅಂಕಿಯನ್ನು ಹೀಗೇ ಅಳೆಯಬೇಕು ಎಂಬ ಒಪ್ಪಿತ ಮಾನದಂಡವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅದೂ ಎಷ್ಟು ಓಮ್‌ಗೆ ಎಂದು ಬರೆದಿರಬೇಕು. 32 ಓಮ್‌ಗೆ 1 ವ್ಯಾಟ್ ಕೊಡುವ ಆಂಪ್ಲಿಫೈಯರ್ ಅದೇ ವೋಲ್ಟೇಜಿನಲ್ಲಿ 300 ಓಮ್‌ಗೆ ಕೊಡುವುದು ಸುಮಾರು 107 ಮಿಲಿವ್ಯಾಟ್. ಹಾಗಿದ್ದರೂ ಎಚ್‌ಡಿ 650 ಕೇಳಿದ 17ಕ್ಕೆ ಇದು ಧಾರಾಳ.

ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ 10 ಪಟ್ಟು ಶಕ್ತಿ ಬೇಕು. 500 ಮಿಲಿವ್ಯಾಟ್ ಬಿಟ್ಟು 1000ದ್ದು ಕೊಂಡರೆ ಸಿಗುವ ಲಾಭ ಇಷ್ಟೇ.

ಅಪಾಯ ಇರುವುದು ತಿರುಗಾಮುರುಗಾ ಜೋಡಿಯಲ್ಲಿ. ಕಿವಿಯೊಳಗೆ ತೂರಿಸುವ 16 ಓಮ್‌ನ ಸೂಕ್ಷ್ಮ ಇಯರ್‌ಫೋನ್‌ಗಳಲ್ಲಿ ಕೆಲವು 1 ಮಿಲಿವ್ಯಾಟ್‌ಗೇ 110 ಡೆಸಿಬೆಲ್ ಕೊಡುತ್ತವೆ. ಎಚ್‌ಇ-6ಗಾಗಿ ಕೊಂಡ ಆಂಪ್ಲಿಫೈಯರ್‌ಗೆ ಇದನ್ನು ಹಾಕಿ ವಾಲ್ಯೂಮ್ ಗುಂಡಿ ಅಕಸ್ಮಾತ್ ತಿರುಗಿದರೆ ಲೆಕ್ಕದ ಪ್ರಕಾರ 130 ಡೆಸಿಬೆಲ್ ದಾಟುತ್ತದೆ. ಅಷ್ಟು ಆಗದಿದ್ದರೂ ಹಿನ್ನೆಲೆಯಲ್ಲಿ "ಸ್ಸ್" ಎಂಬ ಸದ್ದು, ಗುಂಡಿ ಸ್ವಲ್ಪ ಅಲುಗಿದರೂ ಕಿರುಚುವ ಧ್ವನಿ, ಒಂದು ಕಿವಿಗೆ ಜೋರು ಇನ್ನೊಂದಕ್ಕೆ ಮೆಲ್ಲಗೆ – ಇವೆಲ್ಲ ಶುರುವಾಗುತ್ತವೆ. ದುಬಾರಿ ಆಂಪ್ ತಂದ ಮೇಲೆ ಧ್ವನಿ ಕೆಟ್ಟಿತು ಅನ್ನಿಸುವುದಕ್ಕೆ ಇದೇ ಕಾರಣವಾಗಿರಬಹುದು.

ಯಾರೂ ಹೇಳದ ಅಂಕಿ: ಔಟ್‌ಪುಟ್ ಇಂಪಿಡೆನ್ಸ್

ಆಂಪ್ಲಿಫೈಯರ್‌ಗೂ ತನ್ನದೇ ಓಮ್ ಇದೆ. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ರೂಢಿಯ ಸೂತ್ರ. 32 ಓಮ್ ಹೆಡ್‌ಫೋನ್‌ಗೆ ಆಂಪ್‌ನದು 4 ಓಮ್ ಮೀರಬಾರದು.

ಮೀರಿದರೆ ಏನಾಗುತ್ತದೆ? ಕೆಲವು ಇಯರ್‌ಫೋನ್‌ಗಳ ಓಮ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಒಂದು ಸ್ವರಕ್ಕೆ 10, ಇನ್ನೊಂದಕ್ಕೆ 40 ಇದೆ ಅಂದುಕೊಳ್ಳಿ. ಆಂಪ್‌ನದು 1 ಓಮ್ ಆದರೆ ಎರಡು ಸ್ವರಗಳ ನಡುವೆ ಬರುವ ವ್ಯತ್ಯಾಸ ಸುಮಾರು 0.6 ಡೆಸಿಬೆಲ್, ಗೊತ್ತೇ ಆಗದಷ್ಟು. ಆಂಪ್‌ನದು 10 ಓಮ್ ಆದರೆ ಅದು 4 ಡೆಸಿಬೆಲ್ ಆಗಿ ಹಾಡಿನ ಬಣ್ಣವೇ ಬದಲಾಗುತ್ತದೆ. ಹಳೇ ರಿಸೀವರ್, ಹಳೇ ಆಂಪ್ಲಿಫೈಯರ್ ಕೊಳ್ಳುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. 1996ರ ಐಇಸಿ 61938 ಎಂಬ ಮಾನದಂಡ ಹೆಡ್‌ಫೋನ್ ಕಿಂಡಿಗೆ 120 ಓಮ್ ಸೂಚಿಸಿತ್ತು. 300 ಓಮ್ ಹೆಡ್‌ಫೋನ್ ಆ ಕಿಂಡಿಯಲ್ಲಿ ಹೇಗೋ ಹೊಂದಿಕೊಳ್ಳಬಹುದು, 16 ಓಮ್‌ನ ಇಯರ್‌ಫೋನ್ ಹೊಂದಿಕೊಳ್ಳಲಾರದು.

ಕೊಳ್ಳುವ ಮುಂಚೆ ಹೀಗೆ ಮಾಡಿ

1. ಮನೆಯಲ್ಲೇ ಪರೀಕ್ಷಿಸಿ. ನಿಮ್ಮಲ್ಲಿರುವ ಅತಿ ಮೆಲ್ಲಗಿನ ರೆಕಾರ್ಡಿಂಗ್ ಹಾಕಿ. ವಾಲ್ಯೂಮ್ ಪೂರ್ತಿ ಏರಿಸದೆಯೇ ಸಾಕಷ್ಟು ಕೇಳಿಸಿ, ಜೋರಾದ ಕಡೆ ಒಡೆಯದಿದ್ದರೆ ನಿಮಗೆ ಆಂಪ್ಲಿಫೈಯರ್ ಬೇಡ. ಆ ದುಡ್ಡನ್ನು ಒಳ್ಳೆಯ ಹೆಡ್‌ಫೋನ್‌ಗೇ ಹಾಕಿ.

2. ಹೆಡ್‌ಫೋನಿನ ಓಮ್ ಮತ್ತು ಸೆನ್ಸಿಟಿವಿಟಿ ಬರೆದುಕೊಳ್ಳಿ. ಆಂಪ್‌ನ ಆರ್‌ಎಂಎಸ್ ಶಕ್ತಿ ನಿಮ್ಮ ಹೆಡ್‌ಫೋನಿನ ಓಮ್‌ಗೆ ಎಷ್ಟು, ಔಟ್‌ಪುಟ್ ಇಂಪಿಡೆನ್ಸ್ ಎಷ್ಟು ಎಂದು ಕೇಳಿ.

3. ಅಂಗಡಿಯಲ್ಲಿ ಎರಡು ಆಂಪ್ ಹೋಲಿಸುವಾಗ ಎರಡರ ಸದ್ದೂ ಸಮ ಇರಲಿ. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ನಮ್ಮ ಕಿವಿ ಅದನ್ನು "ಜೋರು" ಅನ್ನದೆ "ಚೆನ್ನಾಗಿದೆ" ಅನ್ನುತ್ತದೆ. ಯಾವುದು ಯಾವುದೆಂದು ನೋಡದೆ, ಜೊತೆಗೆ ಬಂದವರಿಂದ ಬದಲಿಸಿಸಿ ಕೇಳಿ.

4. ಗೇನ್ ಸ್ವಿಚ್ ಇದ್ದರೆ ಮೊದಲು ಕಡಿಮೆಗೆ ಇಡಿ. ವಾಲ್ಯೂಮ್ ಸೊನ್ನೆಗೆ ತಂದು, ಹಾಡು ಹಾಕಿ, ಆಮೇಲೆ ಹೆಡ್‌ಫೋನ್ ಕಿವಿಗೆ ಇಟ್ಟುಕೊಳ್ಳಿ.

5. ಬ್ಯಾಲೆನ್ಸ್ಡ್ ಕಿಂಡಿಗೆ ಮಾಮೂಲಿ ಪಿನ್ನಿನ ಹೆಡ್‌ಫೋನನ್ನು ಸಿಕ್ಕ ಅಡಾಪ್ಟರ್ ಹಾಕಿ ಜೋಡಿಸಬೇಡಿ. ಒಳಗೆ ಶಾರ್ಟ್ ಆಗಿ ಆಂಪ್ಲಿಫೈಯರ್ ಕೆಡಬಹುದು.

ಕಿವಿಗೆ ಗ್ಯಾರಂಟಿ ಕಾರ್ಡ್ ಇಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ. 100 ಡೆಸಿಬೆಲ್ ಆದರೆ ಇಡೀ ವಾರಕ್ಕೆ ಬರೀ 20 ನಿಮಿಷ! ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಕೂದಲಿನಂಥ ಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಒಳ್ಳೆಯ ಆಂಪ್ಲಿಫೈಯರ್‌ನಲ್ಲಿ ಜೋರಾದ ಸದ್ದೂ ಒಡೆಯದೆ ನುಣುಪಾಗಿ ಬರುತ್ತದೆ. ಹಾಗಾಗಿ ಎಷ್ಟು ಜೋರಾಗಿ ಕೇಳುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ "ಗುಂಯ್" ಅಂದರೆ ಅಥವಾ ಮನೆಯವರ ಮಾತು ಮಂಕಾಗಿ ಕೇಳಿದರೆ ವಾಲ್ಯೂಮ್ ಹೆಚ್ಚಾಗಿತ್ತು ಎಂದೇ ಅರ್ಥ. ಇದು ಮರುಕಳಿಸುತ್ತಿದ್ದರೆ ಕಿವಿ ವೈದ್ಯರಿಗೆ ತೋರಿಸಿ.

ಇನ್ನೊಮ್ಮೆ "ಓಮ್ ಜಾಸ್ತಿ, ವ್ಯಾಟ್ ಜಾಸ್ತಿ" ಎಂಬ ಸಂದೇಶ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಸೆನ್ಸಿಟಿವಿಟಿ ಎಷ್ಟು?" ಉತ್ತರ ಬರದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.