ಬಿಟ್ಟಿ ಚಾಕರಿ, ಸ್ವಯಂಸೇವೆ

ಶಿವಮೊಗ್ಗ 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಊರನ್ನು ಹೊಸದು ಮಾಡುವ ಇಂಥ ಕೆಲಸ ಎಲ್ಲೇ ನಡೆಯಲಿ, ವಿದ್ಯಾರ್ಥಿಗಳಿಗೆ ಒಂದು ಕರೆ ಬರುತ್ತದೆ: ಬನ್ನಿ, ಸ್ವಯಂಸೇವಕರಾಗಿ, ಕೇರಿಗೆ ಹೋಗಿ ಅರಿವು ಮೂಡಿಸಿ. ಶಂಕರಘಟ್ಟದ ಜ್ಞಾನ ಸಹ್ಯಾದ್ರಿಯಲ್ಲಿ ಓದುವವರಲ್ಲಿ ಕೇರಿಯಿಂದಲೇ ಎದ್ದು ಬಂದವರಿದ್ದಾರೆ. ಅವರು ಯಾರಿಗೆ ಅರಿವು ಮೂಡಿಸಬೇಕು? ಹೆತ್ತವ್ವನಿಗೋ?

ನಗರಕ್ಕೂ ಕೇರಿಗೂ ಇರುವ ಲೆಕ್ಕ ಹಳೆಯದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಓಡಿದರು. ಆಗ ಎದ್ದ ಬಡಾವಣೆಗಳೇ ಮಲ್ಲೇಶ್ವರ, ಬಸವನಗುಡಿ. ನಮ್ಮ ನಾಡಿನ ನಗರ ಸುಧಾರಣೆಯ ಚರಿತ್ರೆಯಲ್ಲಿ ಇವಕ್ಕೆ ದೊಡ್ಡ ಹೆಸರು. ಅಗಲ ರಸ್ತೆ, ಗಾಳಿ, ಬೆಳಕು, ಜಾತಿವಾರು ವಿಂಗಡಿಸಿದ ನಿವೇಶನ. ಮನೆಗಳ ಹಿಂದೆ ಒಂದು ಸಣ್ಣ ಓಣಿ. ಅದರ ಹೆಸರು ಕನ್ಸರ್ವೆನ್ಸಿ ಗಲ್ಲಿ. ಅದು ಯಾರ ದಾರಿ? ಕಕ್ಕಸಿನ ಹೊಲಸು ತೆಗೆಯುವವರ ದಾರಿ. ಮುಂಬಾಗಿಲಿಗೆ ಅವರ ನೆರಳು ಬೀಳುವ ಹಾಗಿಲ್ಲ, ಹಿಂಬಾಗಿಲಿಗೆ ಅವರು ಬಾರದೆ ನಡೆಯುವ ಹಾಗೂ ಇಲ್ಲ. ಊರ ಹೊರಗಿನ ಹೊಲಗೇರಿಯನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಈ ಓಣಿಯನ್ನು ಮಾತ್ರ ಇಂಜಿನಿಯರುಗಳು ಅಳತೆಪಟ್ಟಿ ಹಿಡಿದು ನಕಾಶೆಯಲ್ಲೇ ಗೀಚಿದರು. ಅಸ್ಪೃಶ್ಯತೆಗೆ ಸರ್ಕಾರಿ ಅಡಿಪಾಯ ಬಿತ್ತು. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು, 1945ರಲ್ಲಿ ಬೆಂಗಳೂರಿಗೂ ಬಂತು. ಸುಧಾರಣೆ ಯಾರದ್ದು, ಅದರ ಹೊಲಸು ಬಳಿದವರು ಯಾರು ಎಂದು ಕೇಳಿದವರು ಕಡಿಮೆ.

ಹಳ್ಳಿಯಲ್ಲಿ ಇದಕ್ಕೆ ಬೇರೆ ಹೆಸರಿತ್ತು, ಬಿಟ್ಟಿ. ತೋಟಿ, ತಳವಾರ ಎಂಬ ವಂಶಪಾರಂಪರ್ಯದ ಹುದ್ದೆಗಳು ಹೋಗಬೇಕಾದರೆ 1961ರ ಕಾಯಿದೆಯೇ ಬರಬೇಕಾಯಿತು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಕಾಲೇಜುಗಳಿಗೆ ರಾಷ್ಟ್ರೀಯ ಸೇವಾ ಯೋಜನೆ ಬಂತು. ಶ್ರಮದಾನ ಎಂಬ ಮಾತಿಗೆ ಮೆರುಗು ಬಂತು. 'ಸ್ವಯಂಸೇವೆ' ಅಂದರೇನು ಎಂದು ನಮ್ಮವ್ವನಿಗೆ ಬಿಡಿಸಿ ಹೇಳಿದೆ. 'ಕೂಲಿ ಇಲ್ದೆ ಗೇಯೋದು ಅನ್ನು' ಅಂದಳು. ಸೇವೆಯ ಸರ್ಟಿಫಿಕೇಟು ಅವಳ ಕಾಲದಲ್ಲಿ ಯಾರೂ ಕೊಡಲಿಲ್ಲ.

ಲೆಕ್ಕವನ್ನು ನೇರ ಮಾಡಲು ಹೊರಟವರು ಬಿ. ಬಸವಲಿಂಗಪ್ಪ. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ನಾಡಿಗೆ ನೆನಪಿರುವುದು 1973ರ ಬೂಸಾ ಗಲಾಟೆ. ಮಲದ ಬಕೆಟ್ಟು ಯಾರಿಗೂ ನೆನಪಿಲ್ಲ. ನಾರುವುದನ್ನು ಮರೆಯುವುದು ಸುಲಭ, ಬಿಡಿ. ಅದೇ 1973ರಲ್ಲಿ ಕೊಳಚೆ ಪ್ರದೇಶಗಳ ಸುಧಾರಣೆ ಮತ್ತು ನಿರ್ಮೂಲನ ಕಾಯಿದೆ ಬಂತು, 1975ರಲ್ಲಿ ಕೊಳಚೆ ನಿರ್ಮೂಲನ ಮಂಡಳಿ. ನಿರ್ಮೂಲ ಆಗಬೇಕಾದ್ದು ಕೊಳಚೆಯೋ, ಅಲ್ಲಿ ಬದುಕುವವರೋ? ಆ ಮಂಡಳಿಯ ಹೆಸರಿನಲ್ಲಿ 'ಅಭಿವೃದ್ಧಿ' ಬಂದು ಕೂತಿದ್ದು ಆಮೇಲೆ.

2005ರಲ್ಲಿ ನೆಹರೂ ಹೆಸರಿನ ರಾಷ್ಟ್ರೀಯ ನಗರ ನವೀಕರಣ ಯೋಜನೆ ಬಂತು, ಜನರ ಬಾಯಲ್ಲಿ ನರ್ಮ್. ಕರ್ನಾಟಕದಿಂದ ಬೆಂಗಳೂರು, ಮೈಸೂರು ಎರಡೇ ಸೇರಿದವು. ಅದರಲ್ಲಿ ಜನರ ಭಾಗವಹಿಸುವಿಕೆಗೆ ಕಾನೂನು ಮಾಡಬೇಕೆಂಬ ಷರತ್ತಿತ್ತು. ನಗರ ಮಟ್ಟದ ಸ್ವಯಂಸೇವಾ ತಾಂತ್ರಿಕ ಪಡೆಯ ಮಾತೂ ಇತ್ತು. ವಾರ್ಡು ಸಮಿತಿಯಲ್ಲಿ ಕೂತು ಮಾತಾಡುವ ಹಕ್ಕು ಸಣ್ಣದಲ್ಲ, ಅದನ್ನು ಬಿಟ್ಟುಕೊಡಬಾರದು. ಆದರೆ ದಿನದ ಕೂಲಿ ಬಿಟ್ಟು ಸಭೆಗೆ ಬಂದವಳಿಗೆ ಆ ದಿನದ ಅನ್ನ ಯಾರು ಕೊಡುತ್ತಾರೆ? ಸಂಬಳದವರ ಭಾನುವಾರ ಬಿಡುವು, ಕೇರಿಯ ಭಾನುವಾರ ಕೂಲಿ.

ಮಲ ಹೊರಿಸುವುದನ್ನು ಅಪರಾಧ ಮಾಡಿದ ಕೇಂದ್ರದ ಕಾಯಿದೆ 1993ರದ್ದು. ಹದಿನೇಳು ವರ್ಷ ಕಳೆದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ತಾವಿದ್ದ ಜಾಗದಿಂದ ಎಬ್ಬಿಸಬೇಡಿ ಎಂದು ಕೇಳಲು ಅವರಿಗೆ ಉಳಿದಿದ್ದ ಭಾಷೆ ಅದು.

ಶಂಕರಘಟ್ಟದ ಗೆಳೆಯರೇ, ಕರೆ ಬಂದರೆ ಹೋಗಿ. ಪೊರಕೆಯ ಜೊತೆ ಒಂದು ನೋಟ್‌ಬುಕ್ಕೂ ಇರಲಿ. ಭದ್ರಾವತಿ, ಶಿವಮೊಗ್ಗದ ಕೇರಿಗಳಲ್ಲಿ ಎಷ್ಟು ಮನೆಗೆ ಹಕ್ಕುಪತ್ರ ಇದೆ, ಪೌರಕಾರ್ಮಿಕರಲ್ಲಿ ಗುತ್ತಿಗೆಯವರು ಎಷ್ಟು, ಕೈಗವಸು ಕೊಟ್ಟಿದ್ದಾರಾ, ಸಂಬಳ ಯಾವ ತಾರೀಕಿಗೆ ಬರುತ್ತೆ, ಬರೆದುಕೊಳ್ಳಿ. ಬರೆದದ್ದನ್ನು ಅಲ್ಲಿಯೇ ಓದಿ ಹೇಳಿ. ಒಂದು ಪ್ರತಿ ಕೇರಿಯಲ್ಲೇ ಇರಲಿ.