ದಾವಣಗೆರೆ ಎಕ್ಸ್‌ಪ್ರೆಸ್‌ನ ಲೆಕ್ಕ

2013ರ ನವೆಂಬರ್ 2, ದೀಪಾವಳಿಯ ಹೊತ್ತು. ಡ್ಯೂಟಿ ಮುಗಿಸಿದ ನಾವು ಏಳೆಂಟು ಕನ್ನಡಿಗರು ಒಬ್ಬರ ರೂಮಿನಲ್ಲಿ ಟಿ.ವಿ. ಮುಂದೆ ಸೇರಿದ್ದೆವು. ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿ ಆಸ್ಟ್ರೇಲಿಯಾ ವಿರುದ್ಧ ರೋಹಿತ್ ಶರ್ಮಾ 209 ಹೊಡೆದ ದಿನ ಅದು. ಭಾರತ ಗೆದ್ದಿತು. ಆದರೆ ನಮ್ಮ ಆರ್. ವಿನಯ್ ಕುಮಾರ್ 9 ಓವರಿಗೆ 102 ರನ್ ಕೊಟ್ಟರು. ಪಕ್ಕದ ರೂಮಿನವರು ಬಂದು ಗೇಲಿ ಮಾಡಿದರು. ನಾವೂ ಅವರೊಟ್ಟಿಗೆ ನಕ್ಕೆವು. ಆ ನಗು ಈಗಲೂ ಚುಚ್ಚುತ್ತದೆ, ಅದಕ್ಕೇ ಈ ಬರಹ.

ವಿನಯ್ ನಮ್ಮ ಓರಗೆಯವರು. 1984ರಲ್ಲಿ ದಾವಣಗೆರೆಯಲ್ಲಿ, ಆಟೋ ಓಡಿಸುವ ತಂದೆಯ ಮಗನಾಗಿ ಹುಟ್ಟಿದವರು. ಕರ್ನಾಟಕ ತಂಡವೆಂದರೆ ಬಹುಪಾಲು ಬೆಂಗಳೂರೇ ಎನ್ನುವಂತಿದ್ದ ಕಾಲದಲ್ಲಿ, 2004-05ರಲ್ಲಿ, ಮೊದಲ ರಣಜಿ ಪಂದ್ಯ ಆಡಿದರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಹೆಸರು ಬಂತು. ನಿಜ ಹೇಳಬೇಕೆಂದರೆ ಎಕ್ಸ್‌ಪ್ರೆಸ್ ವೇಗವೇನೂ ಇರಲಿಲ್ಲ. ಗಂಟೆಗೆ 130 ಕಿ.ಮೀ. ಆಸುಪಾಸಿನ ಬೌಲರ್. ಆದರೆ ಆಫ್ ಸ್ಟಂಪಿನ ಆಚೆ ಒಂದೇ ಜಾಗದಲ್ಲಿ, ಸೀಮ್ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಕುವ ತಾಳ್ಮೆ ಇತ್ತು. ನಮ್ಮ ದೇಶೀಯ ಪಂದ್ಯಗಳ ಕೆಂಪು ಎಸ್‌ಜಿ ಚೆಂಡಿನ ಹೊಲಿಗೆ ಉಬ್ಬಿಕೊಂಡಿರುತ್ತದೆ. ಅದನ್ನು ಪಳಗಿಸಿದವರಿಗೆ ವೇಗದ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಬೇಗನೆ ಸ್ವಿಂಗ್ ನಿಲ್ಲಿಸುವ ಬಿಳಿ ಚೆಂಡು, ಚಿಕ್ಕ ಬೌಂಡರಿಯ ಚಿನ್ನಸ್ವಾಮಿ, ವೃತ್ತದ ಹೊರಗೆ ನಾಲ್ಕೇ ಫೀಲ್ಡರ್. ಆ ರಾತ್ರಿ ನಡೆದದ್ದೇ ಬೇರೆ ಆಟ.

ಅದಕ್ಕೂ ಮೊದಲು, 2012ರ ಜನವರಿಯಲ್ಲಿ, ಪರ್ತ್‌ನಲ್ಲಿ ಅವರ ಏಕೈಕ ಟೆಸ್ಟ್. ಡೇವಿಡ್ ವಾರ್ನರ್ 180 ಬಾರಿಸಿದ ಇನ್ನಿಂಗ್ಸ್‌ನಲ್ಲಿ 13 ಓವರ್, 73 ರನ್, ಒಂದು ವಿಕೆಟ್. ಮತ್ತೆ ಕರೆ ಬರಲಿಲ್ಲ. ಬೆಂಗಳೂರಿನದೇ ಕೊನೆಯ ಏಕದಿನವೂ ಆಯಿತು.

ನಾವು ಫಾರ್ಮಸಿಯವರು. ದಿನಕ್ಕೆ ನೂರಾರು ಚೀಟಿ ಓದಿ ಸರಿಯಾದ ಔಷಧಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ತಪ್ಪಿದರೆ ವರ್ಷಗಟ್ಟಲೆ ಅದೇ ಮಾತು. ಇದು ಗೊತ್ತಿದ್ದೂ ನಕ್ಕಿದ್ದೆವಲ್ಲ!

ಆ ಸಂಜೆಗೆ ಸರಿಯಾಗಿ ಮೂರು ತಿಂಗಳು. 2014ರ ಫೆಬ್ರವರಿ 2ರಂದು ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಎತ್ತಿತು. ನಾಯಕ ವಿನಯ್ ಕುಮಾರ್. 1998-99ರ ನಂತರ ಮೊದಲ ಸಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ಎದುರು 338ರ ಗುರಿ ಬೆನ್ನತ್ತಿ, ಮನೀಶ್ ಪಾಂಡೆ 144 ಹೊಡೆದರೂ 6 ರನ್ನಿಗೆ ಸೋತ ಫೈನಲ್ಲಿನಲ್ಲೂ ವಿನಯ್ ಇದ್ದರು. ಆ ನೋವು ಬಲ್ಲವರಿಗೆ ಹೈದರಾಬಾದಿನ ಬೆಲೆ ಗೊತ್ತು. ಆ ವರ್ಷ ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿಗಳೂ ನಮ್ಮವೇ. ಮರುವರ್ಷ ಮೂರೂ ಮತ್ತೊಮ್ಮೆ.

2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ಫೈನಲ್. ವಿನಯ್ 34 ರನ್ನಿಗೆ 5 ವಿಕೆಟ್ ಕಿತ್ತು ಎದುರಾಳಿಯನ್ನು 134ಕ್ಕೆ ಉರುಳಿಸಿದರು. ನಮ್ಮದೂ 84ಕ್ಕೆ 5 ಹೋದಾಗ, ಕೌಂಟರಿನ ಕೆಳಗೆ ಫೋನಿನಲ್ಲಿ ಸ್ಕೋರ್ ನೋಡುತ್ತಿದ್ದ ನಮಗೆ ಊಟ ಸೇರಲಿಲ್ಲ. ಆಮೇಲೆ ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188. ಈ ಎರಡು ಹೆಸರು ಎಲ್ಲರಿಗೂ ನೆನಪಿವೆ. ಕೆಳಗಿನ ಕ್ರಮಾಂಕದಲ್ಲಿ ಬಂದ ನಾಯಕ ಔಟಾಗದೆ 105 ಹೊಡೆದದ್ದು ಎಷ್ಟು ಜನರಿಗೆ ನೆನಪಿದೆ? ಗೆಲುವು ಇನ್ನಿಂಗ್ಸ್ ಮತ್ತು 217 ರನ್ನಿನದು.

2017ರ ಡಿಸೆಂಬರ್‌ನಲ್ಲಿ, ವಯಸ್ಸು 33 ದಾಟಿದ್ದಾಗ, ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮುಂಬೈ ಮೇಲೆ ಹ್ಯಾಟ್ರಿಕ್. ಎರಡು ಓವರುಗಳಲ್ಲಿ ಹಂಚಿಕೊಂಡು ಬಂದ ಮೂರು ವಿಕೆಟ್. ಸೆಮಿಫೈನಲ್‌ನಲ್ಲಿ ವಿದರ್ಭದ ಎದುರು 5 ರನ್ನಿಗೆ ಸೋತೆವು. ಈ ಆರು, ಐದು ರನ್‌ಗಳು ನಮ್ಮ ಹಣೆಯಲ್ಲೇ ಬರೆದಿದ್ದವೋ ಏನೋ.

ಕೊನೆಗೆ ಪುದುಚೇರಿಗೆ ಆಡಿ, 2021ರ ಫೆಬ್ರವರಿಯಲ್ಲಿ ನಿವೃತ್ತರಾದರು. ಪ್ರಥಮ ದರ್ಜೆಯಲ್ಲಿ 504 ವಿಕೆಟ್. ಅದರಲ್ಲಿ ರಣಜಿಯವು 442. ಅಲ್ಲಿಯವರೆಗೆ ಯಾವ ವೇಗದ ಬೌಲರೂ ರಣಜಿಯಲ್ಲಿ ಅಷ್ಟು ಪಡೆದಿರಲಿಲ್ಲ. ಆ ದಿನ ನಮ್ಮ ಹಳೆಯ ರೂಮಿನ ವಾಟ್ಸಾಪ್ ಗುಂಪಿಗೆ ಈ ಎರಡು ಅಂಕಿಗಳನ್ನಷ್ಟೇ ಹಾಕಿದೆವು. ಅಂದು ಗೇಲಿ ಮಾಡಿದವರಲ್ಲೊಬ್ಬ ಕೇಳಿದ: ‘ಯಾರದಿದು?’